ಒಂದು ಕಡೆ ವಾಲುವ ಪದ

‘ಮಿಸ್ಸು ಪಾರ್ಷಿಯಾಲಿಟಿ ಮಾಡ್ತಾರೆ!’ ಕರ್ನಾಟಕದ ಶಾಲೆಗಳಲ್ಲಿ ಈ ದೂರು ಕೇಳದ ಮೇಷ್ಟ್ರು ಇರಲಿಕ್ಕಿಲ್ಲ. ನಮ್ಮಲ್ಲಿ ಅದು ಬೈಗುಳವೇ. ಇಂಗ್ಲಿಷಿನಲ್ಲಿ ಮಾತ್ರ ಇದರ ಮೂಲಪದ ‘ಪಾರ್ಷಿಯಲ್’ಗೆ ಇನ್ನೂ ಎರಡು ಮುಖಗಳಿವೆ.

ಇದರ ಬೇರು ಲ್ಯಾಟಿನ್‌ನ ‘ಪಾರ್ಸ್’, ಅಂದರೆ ಭಾಗ. ಭಾಗವೆಂದರೆ ತುಂಡೂ ಹೌದು, ಬಣವೂ ಹೌದು. ತುಂಡಿನಿಂದ ‘ಅಪೂರ್ಣ’ ಎಂಬ ಅರ್ಥ ಬಂತು: 2022ರ ಅಕ್ಟೋಬರ್ 25ರ ಸೂರ್ಯಗ್ರಹಣ ಪಾರ್ಷಿಯಲ್, ಕನ್ನಡದಲ್ಲಿ ಪಾರ್ಶ್ವ. (ಉಚ್ಚಾರದ ಹೋಲಿಕೆ ಬರೀ ಕಾಕತಾಳೀಯ.) ಬಣದಿಂದ ತಾರತಮ್ಯದ ಅರ್ಥ ಹುಟ್ಟಿತು.

ಸ್ವಾರಸ್ಯವಿರುವುದು ಮೂರನೆಯದರಲ್ಲಿ. ಪಕ್ಕದಲ್ಲಿ ‘ಟು’ ಕೂತರೆ ಸಾಕು, ಆರೋಪ ಅಕ್ಕರೆಯಾಗುತ್ತದೆ. ಮಾವಿನಹಣ್ಣಿಗೆ ತಾನು ‘ಪಾರ್ಷಿಯಲ್’ ಎನ್ನುವ ಇಂಗ್ಲಿಷಿನವನು ತಪ್ಪೊಪ್ಪಿಕೊಳ್ಳುತ್ತಿಲ್ಲ. ಅದು ತನಗಿಷ್ಟ ಎನ್ನುತ್ತಿದ್ದಾನೆ. 1813ರಲ್ಲಿ ಪ್ರಕಟವಾದ ಜೇನ್ ಆಸ್ಟಿನ್‌ರ ‘ಪ್ರೈಡ್ ಅಂಡ್ ಪ್ರೆಜುಡಿಸ್’ನಲ್ಲಂತೂ ಹೆಣ್ಣುಗಂಡಿನ ಒಲವಿಗೂ ‘ಪಾರ್ಷಿಯಾಲಿಟಿ’ ಎಂದೇ ಹೆಸರು.

ನಮ್ಮ ‘ಪಕ್ಷಪಾತ’ವೂ ಕಡಿಮೆಯದಲ್ಲ. ಪಕ್ಷವೆಂದರೆ ಪಕ್ಕ, ಪಾತವೆಂದರೆ ಬೀಳುವುದು. ಸಂಸ್ಕೃತದಲ್ಲಿ ಅದಕ್ಕೆ ಒಲವು ಎಂಬ ಅರ್ಥವೂ ಉಂಟು. ದೇವರನ್ನು ‘ಆಶ್ರಿತ ಪಕ್ಷಪಾತಿ’ ಎಂದರೆ ಹೊಗಳಿಕೆ, ನ್ಯಾಯಾಧೀಶರನ್ನು ಪಕ್ಷಪಾತಿ ಎಂದರೆ ರಗಳೆ. ಆದರೂ ಬೆಣ್ಣೆದೋಸೆಗೆ ತಾನು ಪಕ್ಷಪಾತಿ ಎಂದು ಯಾರೂ ಹೇಳುವುದಿಲ್ಲ. ‘ದೋಸೆ ಅಂದ್ರೆ ಪ್ರಾಣ’ ಅನ್ನುತ್ತಾರೆ.