ಬಸ್ಸಿನ ಮೆಟ್ಟಿಲು ಮತ್ತು ಹಿರಿಯರ ಮೊಣಕಾಲು

ಊರಿನಿಂದ ಮಕ್ಕಳ ಮನೆಗೆ ಬಂದ ಕನ್ನಡದ ಹಿರಿಯರು ತೆಲುಗು ಫಲಕವನ್ನು ಲಿಪಿಸಾಮ್ಯದಿಂದ ಹೇಗೋ ಓದಿಕೊಳ್ಳುತ್ತಾರೆ. ಕಷ್ಟವು ಅನಂತರದ್ದು. ವಿಜಯವಾಡದಲ್ಲಿ ಕನಕದುರ್ಗೆಯ ಇಂದ್ರಕೀಲಾದ್ರಿಗಾಗಲಿ, ವಿಶಾಖಪಟ್ಟಣದಲ್ಲಿ ಸಿಂಹಾಚಲಕ್ಕಾಗಲಿ ಹೊರಟವರಿಗೆ ಬೆಟ್ಟಕ್ಕಿಂತ ಮೊದಲು ಎದುರಾಗುವುದು ಬಸ್ಸಿನ ಮೆಟ್ಟಿಲು.

ದರದ ವಿಷಯದಲ್ಲಿ ಆಂಧ್ರಪ್ರದೇಶವು ಉದಾರವಾಗಿದೆ. ರಾಜ್ಯ ಸಾರಿಗೆ ಸಂಸ್ಥೆಯು 60 ವರ್ಷ ದಾಟಿದವರಿಗೆ ಶೇಕಡಾ 25ರಷ್ಟು ರಿಯಾಯಿತಿ ನೀಡುತ್ತದೆ. 2025ರ ಆಗಸ್ಟ್ 15ರಿಂದ ರಾಜ್ಯದ ಸ್ತ್ರೀಯರಿಗೆ ನಗರದ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣವು ಉಚಿತವಾಯಿತು. ಆದರೆ ಟಿಕೆಟ್ಟಿನ ದರ ಇಳಿದಂತೆ ಮೆಟ್ಟಿಲು ಇಳಿಯಲಿಲ್ಲ. ಹಳೆಯ ಮಾದರಿಯ ಬಸ್ಸಿನ ನೆಲವು ರಸ್ತೆಯಿಂದ ಸುಮಾರು 900 ಮಿಲಿಮೀಟರ್ ಎತ್ತರವಿರುತ್ತದೆ. ತಗ್ಗು ನೆಲದ ಬಸ್ಸಿನಲ್ಲಿ ಸುಮಾರು 400. ಈ ವ್ಯತ್ಯಾಸದ ಭಾರವೆಲ್ಲ ಸವೆದ ಮೊಣಕಾಲಿನ ಮೇಲೆ ಬೀಳುತ್ತದೆ.

ಬೀಳುವ ಭಯದಿಂದ ಮನೆಯಲ್ಲೇ ಉಳಿದವರ ಸ್ನಾಯುಗಳು ಕ್ಷೀಣಿಸುತ್ತವೆ, ಕೀಲುಗಳು ಬಿಗಿಯುತ್ತವೆ. ಬೀಳುವ ಸಂಭವವು ಇನ್ನಷ್ಟು ಹೆಚ್ಚುತ್ತದೆ. ಆದುದರಿಂದ ಓಡಾಟವನ್ನು ಬಿಡಬಾರದು, ಎಚ್ಚರಿಕೆಯನ್ನು ಕಲಿಯಬೇಕು. ಏರುವಾಗ ಬಲವುಳ್ಳ ಕಾಲನ್ನು ಮೊದಲಿಡಬೇಕು. ಇಳಿಯುವಾಗ ನೋವಿರುವ ಕಾಲನ್ನು. ಕಂಬಿಯನ್ನು ಹಿಡಿಯಲು ಒಂದು ಕೈ ಸದಾ ಬರಿದಾಗಿರಬೇಕು, ಚೀಲವು ಹೆಗಲಿನಲ್ಲಿರಲಿ. ಕಚೇರಿಯ ಜನದಟ್ಟಣೆ ಕಳೆದ ಮೇಲೆ ಹೊರಡುವುದು ಲೇಸು.

ಸಾರಿಗೆಯು ಅಂಗವಿಕಲರಿಗೂ ಸುಗಮವಾಗಿರಬೇಕೆಂದು 2016ರ ಕಾಯಿದೆಯು ವಿಧಿಸಿದೆ. ಅವರಿಗೆ ಅನುಕೂಲವಾದ ಬಸ್ಸು ವೃದ್ಧರಿಗೂ ಅನುಕೂಲವೇ. ಅಂತಹ ಬಸ್ಸುಗಳು ಎಲ್ಲ ಮಾರ್ಗಗಳಿಗೂ ಬರುವವರೆಗೆ, ಹಿರಿಯರು ಕುಳಿತ ಮೇಲೆಯೇ ಸೀಟಿ ಊದುವ ನಿರ್ವಾಹಕನ ಅರೆನಿಮಿಷದ ತಾಳ್ಮೆಯೂ, ಜೊತೆಗೆ ಹೊರಡುವ ಮೊಮ್ಮಗನ ತೋಳೂ ಅವರಿಗೆ ಊರುಗೋಲಾಗಲಿ.