ನಿಮಗಿದು ಗೊತ್ತೇ? ಹನ್ನೆರಡು ಹೆಸರಿನ ಪಟ್ಟಿ

ಮಹಿಳಾ ಬ್ಯಾಸ್ಕೆಟ್‌ಬಾಲ್ ವಿಶ್ವಕಪ್ ಇರಲಿ, ಒಲಿಂಪಿಕ್ಸ್ ಇರಲಿ, ಒಂದು ದೇಶ ಕಣಕ್ಕಿಳಿಸಬಹುದಾದದ್ದು ಹನ್ನೆರಡೇ ಆಟಗಾರ್ತಿಯರನ್ನು. ಕೋರ್ಟಿನಲ್ಲಿ ಐವರು, ಬೆಂಚಿನ ಮೇಲೆ ಏಳು ಮಂದಿ. ಕ್ರಿಕೆಟ್ ತಂಡದ ಆಯ್ಕೆ ಬಗ್ಗೆ ವಾರಗಟ್ಟಲೆ ಜಗಳವಾಡುವ ನಾವು ಈ ಹನ್ನೆರಡು ಹೆಸರುಗಳ ಕಡೆ ಕಣ್ಣು ಹಾಯಿಸುವುದು ಕಡಿಮೆ. ಹಾಯಿಸಿದರೆ ಸಿಗುವುದು ಬರೀ ಆಟವಲ್ಲ. ಪಾಸ್‌ಪೋರ್ಟ್ ತಕರಾರು, ಶೀತಲ ಸಮರ, ಅಕ್ಕತಂಗಿಯರ ಪೈಪೋಟಿ, ಏಳಡಿ ದಾಟಿದ ಹುಡುಗಿ, ಎಲ್ಲ ಅಲ್ಲೇ ಇವೆ.

ಎಪ್ಪತ್ತು, ಎಂಬತ್ತರ ದಶಕದ ಫೋಟೊಗಳನ್ನು ನೋಡಿ. 1, 2, 3ನೇ ನಂಬರಿನ ಜೆರ್ಸಿ ಕಾಣುವುದಿಲ್ಲ. 4ರಿಂದ ಶುರುವಾಗಿ 15ಕ್ಕೆ ಮುಗಿಯುತ್ತಿತ್ತು. ಹನ್ನೆರಡು ಜನ, ಹನ್ನೆರಡು ನಂಬರು, ಲೆಕ್ಕ ಸರಿ. ಕಾರಣ ರೆಫ್ರಿಯ ಬೆರಳುಗಳು. ಒಂದು, ಎರಡು, ಮೂರು ಬೆರಳೆತ್ತಿದರೆ ಅದು ಪಾಯಿಂಟಿನ ಲೆಕ್ಕ. ಫೌಲ್ ಮಾಡಿದವಳ ನಂಬರೂ ಅದೇ ಆಗಿಬಿಟ್ಟರೆ ಸ್ಕೋರು ಬರೆಯುವವರ ಗತಿ ಏನು? ಅಂತರರಾಷ್ಟ್ರೀಯ ಸಂಸ್ಥೆ ಫಿಬಾ ಈ ಕಟ್ಟನ್ನು ಸಡಿಲಿಸಿದ್ದು 2014ರಲ್ಲಿ. ಈಗ 0, 00, 1ರಿಂದ 99, ಯಾವುದಾದರೂ ಆದೀತು.

2022ರ ಸಿಡ್ನಿ ವಿಶ್ವಕಪ್‌ನಲ್ಲಿ ಅಮೆರಿಕ ತಂಡದ 15ನೇ ನಂಬರಿನ ಜೆರ್ಸಿಯನ್ನು ಯಾರೂ ತೊಡಲಿಲ್ಲ. ಅದು ಬ್ರಿಟ್ನಿ ಗ್ರೈನರ್ ಅವರ ನಂಬರು; ಅವರು ಆಗ ರಷ್ಯಾದ ಜೈಲಿನಲ್ಲಿದ್ದರು. ಅದೇ ವರ್ಷದ ಡಿಸೆಂಬರಿನಲ್ಲಿ ಶಸ್ತ್ರಾಸ್ತ್ರ ದಲ್ಲಾಳಿ ವಿಕ್ಟರ್ ಬೌಟ್‌ನನ್ನು ಬಿಟ್ಟುಕೊಟ್ಟು ಅಮೆರಿಕ ಅವರನ್ನು ಬಿಡಿಸಿಕೊಂಡಿತು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಗ್ರೈನರ್ ಮತ್ತೆ 15 ತೊಟ್ಟು ಚಿನ್ನ ಗೆದ್ದರು.

ಮಹಿಳೆಯರ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು 1953ರಲ್ಲಿ, ಚಿಲಿಯ ಸ್ಯಾಂಟಿಯಾಗೊದಲ್ಲಿ. ಹತ್ತು ತಂಡಗಳು, ಯುರೋಪಿನಿಂದ ಹೋದದ್ದು ಫ್ರಾನ್ಸ್ ಮತ್ತು ಸ್ವಿಟ್ಜರ್ಲೆಂಡ್ ಎರಡೇ. ಅಮೆರಿಕ ಗೆದ್ದಿತು. ಆರು ವರ್ಷ ಕಳೆದು ಮಾಸ್ಕೋದಲ್ಲಿ ನಡೆದಾಗ ಚಿತ್ರ ಪೂರ್ತಿ ತಲೆಕೆಳಗು. ಎಂಟು ತಂಡಗಳು, ಎಂಟೂ ಕಮ್ಯುನಿಸ್ಟ್ ದೇಶಗಳವು, ಉತ್ತರ ಕೊರಿಯಾ ಸೇರಿ. ಅಮೆರಿಕದ ಸುಳಿವೇ ಇಲ್ಲ. 1979ರಲ್ಲಿ ಸೋಲ್‌ನಲ್ಲಿ ನಡೆದಾಗ ಸೋವಿಯತ್ ತಂಡ ಬರಲಿಲ್ಲ, ಅಮೆರಿಕ ಕಪ್ ಎತ್ತಿಕೊಂಡಿತು. 1980ರ ಒಲಿಂಪಿಕ್ಸ್‌ಗೆ ಅಮೆರಿಕ ಹೋಗಲಿಲ್ಲ, 1984ಕ್ಕೆ ಸೋವಿಯತ್ ತಂಡ ಬರಲಿಲ್ಲ. ಇಷ್ಟು ವರ್ಷಗಳ ದಾಖಲೆ ಪಟ್ಟಿ ಓದುವಾಗ ಯಾರು ಗೆದ್ದರು ಅನ್ನುವುದರ ಜೊತೆಗೆ ಯಾರು ಬಂದಿರಲಿಲ್ಲ ಅನ್ನುವುದನ್ನೂ ನೋಡಬೇಕು.

ಇದಕ್ಕಿಂತ ವಿಚಿತ್ರ 1992ರದು. ಸೋವಿಯತ್ ಒಕ್ಕೂಟ ಹಿಂದಿನ ಡಿಸೆಂಬರಿನಲ್ಲೇ ಒಡೆದುಹೋಗಿತ್ತು. ಆದರೂ ಅದರ ಹಳೆಯ ಗಣರಾಜ್ಯಗಳ ಆಟಗಾರ್ತಿಯರು 'ಯುನಿಫೈಡ್ ಟೀಮ್' ಹೆಸರಲ್ಲಿ ಬಾರ್ಸಿಲೋನಾಕ್ಕೆ ಬಂದರು. ಫೈನಲ್‌ನಲ್ಲಿ ಚೀನಾವನ್ನು 76–66ರಿಂದ ಮಣಿಸಿ ಚಿನ್ನವನ್ನೂ ಗೆದ್ದರು. ವೇದಿಕೆಯ ಮೇಲೆ ಹಾರಿಸಲು ಸ್ವಂತ ಬಾವುಟವಿರಲಿಲ್ಲ. ಒಲಿಂಪಿಕ್ ಧ್ವಜವೇ ಏರಿತು. ಅಲ್ಲಿಂದಾಚೆಗೆ ಅಮೆರಿಕ ಒಂದು ಒಲಿಂಪಿಕ್ ಚಿನ್ನವನ್ನೂ ಬಿಟ್ಟುಕೊಟ್ಟಿಲ್ಲ. 1996ರಿಂದ 2024ರವರೆಗೆ ಸತತ ಎಂಟು.

ಆ ಎಂಟನೆಯದು ಮಾತ್ರ ಒಂದು ಪಾದದ ಅಂತರದಲ್ಲಿ ಉಳಿಯಿತು. ಪ್ಯಾರಿಸ್ ಫೈನಲ್, ಎದುರಾಳಿ ಆತಿಥೇಯ ಫ್ರಾನ್ಸ್. ಮೂರು ಪಾಯಿಂಟ್ ಹಿಂದಿದ್ದಾಗ ಕೊನೆಯ ಗಳಿಗೆಯಲ್ಲಿ ಗ್ಯಾಬಿ ವಿಲಿಯಮ್ಸ್ ಎಸೆದ ಚೆಂಡು ಬ್ಯಾಸ್ಕೆಟ್ ಸೇರಿತು. ಆದರೆ ಅವರ ಕಾಲು ಮೂರು ಪಾಯಿಂಟ್ ಗೆರೆಯನ್ನು ತುಳಿದಿತ್ತು. ಸಿಕ್ಕಿದ್ದು ಎರಡೇ ಪಾಯಿಂಟ್. ಸ್ಕೋರು 67–66. ಅಂದಹಾಗೆ ಈ ವಿಲಿಯಮ್ಸ್ ಹುಟ್ಟಿ ಬೆಳೆದದ್ದು ಅಮೆರಿಕದಲ್ಲಿ, ತಾಯಿ ಫ್ರಾನ್ಸಿನವರು.

ಅದೇ ಅಮೆರಿಕ ತಂಡದಲ್ಲಿ 42ರ ಹರೆಯದ ಡಯಾನಾ ಟೊರಾಸಿ ಇದ್ದರು. ಇದರೊಂದಿಗೆ ಅವರ ಚಿನ್ನ ಆರಾಯಿತು. ಗಂಡಸರಲ್ಲಾಗಲಿ ಹೆಂಗಸರಲ್ಲಾಗಲಿ ಬ್ಯಾಸ್ಕೆಟ್‌ಬಾಲ್‌ನಲ್ಲಿ ಆರು ಒಲಿಂಪಿಕ್ ಚಿನ್ನ ಗೆದ್ದವರು ಬೇರೆ ಯಾರೂ ಇಲ್ಲ. ದೇಶವಿಡೀ ಮಾತಾಡಿಕೊಳ್ಳುತ್ತಿದ್ದ ಎಳೆಯ ತಾರೆ ಕೇಟ್ಲಿನ್ ಕ್ಲಾರ್ಕ್‌ಗೆ ಆ ಹನ್ನೆರಡರಲ್ಲಿ ಜಾಗ ಸಿಗಲಿಲ್ಲ. ಟಿವಿ ಚರ್ಚೆಗಳು ಆಗ ಹೇಗಿದ್ದವು ಎಂದು ಭಾರತದ ಕ್ರಿಕೆಟ್ ಪ್ರೇಮಿಗಳಿಗೆ ವಿವರಿಸಿ ಹೇಳಬೇಕಿಲ್ಲ.

ಎತ್ತರದ ವಿಷಯಕ್ಕೆ ಬರೋಣ. ಲಾಟ್ವಿಯಾದಲ್ಲಿ ಹುಟ್ಟಿದ ಉಲ್ಯಾನಾ ಸೆಮ್ಯೊನೊವಾ ಏಳಡಿಯ ಆಸುಪಾಸಿನವರು. ಸೋವಿಯತ್ ತಂಡದಲ್ಲಿ ಹದಿನೆಂಟು ವರ್ಷ ಆಡಿದರು. ಅಷ್ಟೂ ವರ್ಷ ಅಧಿಕೃತ ಅಂತರರಾಷ್ಟ್ರೀಯ ಪಂದ್ಯವೊಂದರಲ್ಲೂ ಸೋಲಲಿಲ್ಲ. ಇನ್ನೊಮ್ಮೆ ಓದಿ: ಒಂದರಲ್ಲೂ ಇಲ್ಲ. ಎರಡು ಒಲಿಂಪಿಕ್ ಚಿನ್ನ, ಮೂರು ವಿಶ್ವ ಕಿರೀಟ. 1993ರಲ್ಲಿ ಅಮೆರಿಕದ ನೈಸ್ಮಿತ್ ಹಾಲ್ ಆಫ್ ಫೇಮ್ ತನ್ನ ಬಾಗಿಲನ್ನು ಅವರಿಗೆ ತೆರೆಯಿತು. ಅಮೆರಿಕದವರಲ್ಲದ ಹೆಣ್ಣುಮಗಳಿಗೆ ಅಲ್ಲಿ ಸಿಕ್ಕ ಮೊದಲ ಪ್ರವೇಶ ಅದು.

ಚೀನಾದ ಜಾಂಗ್ ಜಿಯು ಹುಟ್ಟಿದ್ದು 2007ರಲ್ಲಿ. ಎತ್ತರ 2.20 ಮೀಟರ್. ಅಪ್ಪ, ಅಮ್ಮ ಇಬ್ಬರೂ ಬ್ಯಾಸ್ಕೆಟ್‌ಬಾಲ್ ಆಡಿದವರೇ. 2024ರ 18 ವರ್ಷದೊಳಗಿನವರ ಏಷ್ಯಾ ಕಪ್‌ನಲ್ಲಿ ಈಕೆ ನೆಗೆಯದೆಯೇ ಚೆಂಡನ್ನು ಬುಟ್ಟಿಗೆ ಇಳಿಸುವ ವಿಡಿಯೊಗಳು ಜಗತ್ತೆಲ್ಲ ಓಡಾಡಿದವು. ಆದರೆ ಆ ಕಪ್ ಗೆದ್ದದ್ದು ಆಸ್ಟ್ರೇಲಿಯಾ. 2025ರಲ್ಲಿ ಹಿರಿಯರ ತಂಡ ಸೇರಿದಾಗಲೂ ಚೀನಾ ಏಷ್ಯಾ ಕಪ್ ಸೆಮಿಫೈನಲ್‌ನಲ್ಲಿ ಸೋತಿತು. ಸೋಲಿಸಿದ್ದು ಯಾರು? ಜಪಾನ್!

ಜಪಾನಿನ ಕತೆ ನನಗೆ ಎಲ್ಲಕ್ಕಿಂತ ಇಷ್ಟ. ಟೋಕಿಯೊ ಒಲಿಂಪಿಕ್ಸ್‌ಗೆ ಮೊದಲು ಅವರ ಎತ್ತರದ ಆಟಗಾರ್ತಿ ರಾಮು ತೊಕಾಶಿಕಿ ಮೊಣಕಾಲಿನ ಗಾಯದಿಂದ ಹೊರಗುಳಿದರು. ಉಳಿದ ಹನ್ನೆರಡು ಜನರಲ್ಲಿ 1.90 ಮೀಟರ್ ಮುಟ್ಟುವವರೇ ಇಲ್ಲ. ಕೋಚ್ ಟಾಮ್ ಹೋವಾಸ್ ಅಮೆರಿಕದವರು, ಆದರೆ ಹುಡುಗಿಯರಿಗೆ ಗದರುವುದು, ಹೇಳಿಕೊಡುವುದು ಎಲ್ಲ ಜಪಾನಿ ಭಾಷೆಯಲ್ಲೇ. ಅವರ ಲೆಕ್ಕಾಚಾರ ಸರಳವಾಗಿತ್ತು: ಬುಟ್ಟಿಯ ಕೆಳಗೆ ಗುದ್ದಾಡಿದರೆ ಸೋಲು ಖಚಿತ, ಹಾಗಾಗಿ ಓಡಿ, ಓಡಿಸಿ, ದೂರದಿಂದ ಎಸೆಯಿರಿ. ಸೆಮಿಫೈನಲ್‌ನಲ್ಲಿ ಫ್ರಾನ್ಸ್ ವಿರುದ್ಧ 1.62 ಮೀಟರಿನ ರುಯಿ ಮಚಿದಾ 18 ಅಸಿಸ್ಟ್ ಕೊಟ್ಟು ಒಲಿಂಪಿಕ್ ದಾಖಲೆ ಬರೆದರು. ಅಂದರೆ ಹದಿನೆಂಟು ಬಾರಿ ಅವರು ದಾಟಿಸಿದ ಚೆಂಡನ್ನು ಜೊತೆಗಾತಿಯರು ಪಾಯಿಂಟಾಗಿ ಬದಲಿಸಿದರು. ಫೈನಲ್‌ನಲ್ಲಿ ಅಮೆರಿಕಕ್ಕೆ 90–75ರಿಂದ ಸೋತರೂ ಬೆಳ್ಳಿ ಬಂತು. ಬ್ಯಾಸ್ಕೆಟ್‌ಬಾಲ್‌ನಲ್ಲಿ ಜಪಾನಿನ ಮೊದಲ ಒಲಿಂಪಿಕ್ ಪದಕ.

ಚೆಂಡಿನ ಮಾತು ಬಂತಲ್ಲ: ಮಹಿಳೆಯರು ಆಡುವುದು 6ನೇ ಸೈಜಿನ ಚೆಂಡಿನಲ್ಲಿ, ಪುರುಷರದು 7. ಫಿಬಾ ಈ ಚಿಕ್ಕ ಚೆಂಡನ್ನು ತಂದದ್ದು 2004ರಲ್ಲಿ.

ಬೇರೆ ದೇಶದಲ್ಲಿ ಹುಟ್ಟಿದವರನ್ನು ಎಷ್ಟು ಬೇಕಾದರೂ ತುಂಬಿಕೊಳ್ಳಬಹುದೇ? ಇಲ್ಲ. ಹದಿನಾರು ವರ್ಷ ತುಂಬಿದ ಮೇಲೆ ಪೌರತ್ವ ಪಡೆದವರು ಹನ್ನೆರಡರಲ್ಲಿ ಒಬ್ಬರಷ್ಟೇ ಇರಬಹುದು. ಆ ಒಂದು ಜಾಗಕ್ಕೆ ಭಾರಿ ಬೇಡಿಕೆ. ಬಹಾಮಾಸ್‌ನಲ್ಲಿ ಹುಟ್ಟಿದ ಜಾಂಕ್ವೆಲ್ ಜೋನ್ಸ್ ಆಡುವುದು ಬೋಸ್ನಿಯಾಕ್ಕೆ! ಅಮೆರಿಕದ ಬೆಕಿ ಹ್ಯಾಮನ್‌ಗೆ ತವರಿನ ತಂಡದಲ್ಲಿ ಜಾಗ ಸಿಗುವ ಸೂಚನೆ ಕಾಣದಾಗ ರಷ್ಯಾ ಪೌರತ್ವ ಪಡೆದು 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಆಡಿದರು. ತವರಿನಲ್ಲಿ ಕೆಲವರು ಅವರ ದೇಶಭಕ್ತಿಯನ್ನೇ ಪ್ರಶ್ನಿಸಿದರು. ಸೆಮಿಫೈನಲ್‌ನಲ್ಲಿ ಎದುರಾದದ್ದು ಅಮೆರಿಕವೇ. ಅಲ್ಲಿ ಸೋತರು, ಕೊನೆಗೆ ರಷ್ಯಾಕ್ಕೆ ಕಂಚು ಸಿಕ್ಕಿತು. ಮುಂದೆ ಹ್ಯಾಮನ್ ಅಮೆರಿಕದಲ್ಲೇ ಲಾಸ್ ವೇಗಸ್ ಏಸಸ್ ತಂಡದ ಕೋಚ್ ಆಗಿ ಪ್ರಶಸ್ತಿಗಳನ್ನು ಬಾಚಿಕೊಂಡರು.

ತದ್ವಿರುದ್ಧದ ಕತೆ ನೆಕಾ ಒಗುಮಿಕೆ ಅವರದು. ಅಮೆರಿಕಕ್ಕೆ ಆಡಿ ಎರಡು ವಿಶ್ವಕಪ್ ಗೆದ್ದವರು ಅವರು. ಟೋಕಿಯೊ ಪಟ್ಟಿಯಿಂದ ಹೆಸರು ಬಿಟ್ಟುಹೋದಾಗ ತಂದೆತಾಯಿಯ ದೇಶ ನೈಜೀರಿಯಾಕ್ಕೆ ಆಡುತ್ತೇನೆ ಎಂದು ಅರ್ಜಿ ಹಾಕಿದರು. ಅಮೆರಿಕಕ್ಕೆ ಈಗಾಗಲೇ ಬಹಳ ಆಡಿದ್ದೀರಿ ಎಂದು ಫಿಬಾ ಒಪ್ಪಲಿಲ್ಲ. ತಂಗಿ ಎರಿಕಾ ಮಾತ್ರ ನೈಜೀರಿಯಾದ ಜೆರ್ಸಿ ತೊಟ್ಟು ಟೋಕಿಯೊದಲ್ಲಿ ಆಡಿದಳು.

ನೈಜೀರಿಯಾದವರದು ಗೋಳೂ ಹೌದು, ಗೆಲುವೂ ಹೌದು. 2022ರ ವಿಶ್ವಕಪ್‌ಗೆ ಅರ್ಹತೆ ಪಡೆದಿದ್ದರು. ಬ್ಯಾಸ್ಕೆಟ್‌ಬಾಲ್ ಆಡಳಿತದ ಒಳಜಗಳಕ್ಕೆ ಬೇಸತ್ತ ಸರ್ಕಾರ ಅಂತರರಾಷ್ಟ್ರೀಯ ಟೂರ್ನಿಗಳಿಂದಲೇ ತಂಡವನ್ನು ಹಿಂದಕ್ಕೆ ಕರೆಸಿತು. ಆ ಜಾಗ ಮಾಲಿಗೆ ಹೋಯಿತು. ಮಾಲಿ ಸಿಡ್ನಿಗೆ ಹೋಗಿ ಐದಕ್ಕೆ ಐದೂ ಪಂದ್ಯ ಸೋತಿತು. ಸಾಲದ್ದಕ್ಕೆ ಅದರ ಇಬ್ಬರು ಆಟಗಾರ್ತಿಯರು ಕ್ಯಾಮೆರಾ ಮುಂದೆಯೇ ಕೈಕೈ ಮಿಲಾಯಿಸಿದರು. ಇತ್ತ ಪ್ಯಾರಿಸ್ ಒಲಿಂಪಿಕ್ಸ್ ಉದ್ಘಾಟನೆಯ ದೋಣಿ ಮೆರವಣಿಗೆಯ ದಿನ ನೈಜೀರಿಯಾದ ಹುಡುಗಿಯರಿಗೆ ತಮ್ಮದೇ ದೇಶದ ದೋಣಿ ಹತ್ತಲು ಬಿಡಲಿಲ್ಲ. ಮೂರು ದಿನ ಬಿಟ್ಟು ಅವರು ಆಸ್ಟ್ರೇಲಿಯಾವನ್ನು 75–62ರಿಂದ ಬಗ್ಗುಬಡಿದರು. ಆಮೇಲೆ ಕೆನಡಾವನ್ನೂ ಸೋಲಿಸಿ ಕ್ವಾರ್ಟರ್‌ಫೈನಲ್ ತಲುಪಿದರು. ಆಫ್ರಿಕಾದ ಪುರುಷರ ತಂಡವೂ ಅದುವರೆಗೆ ಒಲಿಂಪಿಕ್ಸ್‌ನಲ್ಲಿ ಅಲ್ಲಿಗೆ ಮುಟ್ಟಿರಲಿಲ್ಲ. ಕೋಚ್ ರೆನಾ ವಕಾಮಾ ಆ ಟೂರ್ನಿಯ ಶ್ರೇಷ್ಠ ಕೋಚ್ ಎನಿಸಿದರು.

ಎರಡು ದೇಶ, ಒಂದು ತಂಡ ಸಾಧ್ಯವೇ? 2018ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ಆಯಿತು. ದಕ್ಷಿಣ ಕೊರಿಯಾದ ಒಂಬತ್ತು, ಉತ್ತರ ಕೊರಿಯಾದ ಮೂವರು ಸೇರಿ ಹನ್ನೆರಡು. ಫೈನಲ್‌ನಲ್ಲಿ ಚೀನಾಕ್ಕೆ 71–65ರಿಂದ ಸೋತು ಬೆಳ್ಳಿ ಗೆದ್ದರು.

ಅದಕ್ಕೂ ನಾಲ್ಕು ವರ್ಷ ಮೊದಲು, ಇಂಚಿಯಾನ್ ಏಷ್ಯನ್ ಗೇಮ್ಸ್‌ನಲ್ಲಿ ಕತಾರ್ ತಂಡ ಮಂಗೋಲಿಯಾ ವಿರುದ್ಧ ಆಡದೆಯೇ ಹಿಂದೆ ಸರಿಯಿತು. ಹಿಜಾಬ್ ತೆಗೆದು ಆಡಬೇಕೆಂಬ ನಿಯಮವನ್ನು ಆಟಗಾರ್ತಿಯರು ಒಪ್ಪಲಿಲ್ಲ. ಫಿಬಾ ತಲೆವಸ್ತ್ರಕ್ಕೆ ಅನುಮತಿ ಕೊಟ್ಟು ನಿಯಮ ಬದಲಿಸಿದ್ದು 2017ರಲ್ಲಿ.

1991ರ ಪ್ಯಾನ್ ಅಮೆರಿಕನ್ ಗೇಮ್ಸ್ ಕ್ಯೂಬಾದ ಹವಾನಾದಲ್ಲಿ. ಫೈನಲ್‌ನಲ್ಲಿ ಬ್ರೆಜಿಲ್ ಆತಿಥೇಯರನ್ನೇ ಸೋಲಿಸಿತು. ಪದಕ ತೊಡಿಸಲು ಬಂದವರು ಸ್ವತಃ ಫಿಡೆಲ್ ಕ್ಯಾಸ್ಟ್ರೊ. ಬ್ರೆಜಿಲ್‌ನ ಹೊರ್ಟೆನ್ಸಿಯಾ, ಪೌಲಾ ಜೋಡಿಗೆ ಪದಕ ಕೊಡುವುದಿಲ್ಲ ಎಂದು ತಮಾಷೆ ಮಾಡಿಯೇ ಕೊಟ್ಟರು. ಇದೇ ಜೋಡಿ 1994ರಲ್ಲಿ ಸಿಡ್ನಿಗೆ ಹೋಗಿ, ಸೆಮಿಫೈನಲ್‌ನಲ್ಲಿ ಅಮೆರಿಕವನ್ನು 110–107ರಿಂದ, ಫೈನಲ್‌ನಲ್ಲಿ ಚೀನಾವನ್ನು ಸೋಲಿಸಿ ಬ್ರೆಜಿಲ್‌ಗೆ ವಿಶ್ವ ಕಿರೀಟ ತಂದಿತು.

ತಂಡಗಳ ಅಡ್ಡಹೆಸರುಗಳು ಮಜವಾಗಿವೆ. ಆಸ್ಟ್ರೇಲಿಯಾದವರು ಓಪಲ್ಸ್, ಆ ನಾಡಿನ ಹೊಳಪು ಕಲ್ಲಿನ ಹೆಸರು. ನ್ಯೂಜಿಲೆಂಡ್ ಟಾಲ್ ಫರ್ನ್ಸ್, ನೈಜೀರಿಯಾ ಡಿ'ಟೈಗ್ರೆಸ್, ಬೆಲ್ಜಿಯಂ ಕ್ಯಾಟ್ಸ್. ಬೆಲ್ಜಿಯಂನ ಈ ಬೆಕ್ಕುಗಳನ್ನು ಹಗುರವಾಗಿ ಕಾಣಬೇಡಿ. 2025ರ ಯುರೋಬ್ಯಾಸ್ಕೆಟ್ ಫೈನಲ್‌ನ ಕೊನೆಯ ನಿಮಿಷಗಳಲ್ಲಿ ಸ್ಪೇನ್‌ಗಿಂತ 12 ಪಾಯಿಂಟ್ ಹಿಂದಿದ್ದು, ಸತತ 14 ಪಾಯಿಂಟ್ ಗಳಿಸಿ, 67–65ರಿಂದ ಗೆದ್ದು ಕಪ್ ಉಳಿಸಿಕೊಂಡರು.

ಓಪಲ್ಸ್ ಅಂದರೆ ಲಾರೆನ್ ಜಾಕ್ಸನ್ ನೆನಪಾಗಲೇಬೇಕು. ಅಪ್ಪ, ಅಮ್ಮ ಇಬ್ಬರೂ ಆಸ್ಟ್ರೇಲಿಯಾಕ್ಕೆ ಆಡಿದವರು. ಅಮ್ಮನ 15ನೇ ನಂಬರನ್ನೇ ಮಗಳೂ ತೊಟ್ಟರು. ಮೊದಲ ವಿಶ್ವ ಚಾಂಪಿಯನ್‌ಷಿಪ್ 1998ರಲ್ಲಿ, ಹದಿನೇಳರ ವಯಸ್ಸಿಗೆ. 2006ರಲ್ಲಿ ವಿಶ್ವ ಚಾಂಪಿಯನ್. ಮೊಣಕಾಲು ಕೈಕೊಟ್ಟು 2016ರಲ್ಲಿ ನಿವೃತ್ತಿ. ಕತೆ ಮುಗಿಯಿತು ಅಂದುಕೊಂಡಿರಾ? 2022ರಲ್ಲಿ, 41ನೇ ವಯಸ್ಸಿನಲ್ಲಿ, ತವರಿನ ವಿಶ್ವಕಪ್‌ಗೆ ಮರಳಿದರು. ಕಂಚಿನ ಪಂದ್ಯದಲ್ಲಿ ಕೆನಡಾ ವಿರುದ್ಧ 30 ಪಾಯಿಂಟ್ ಹೊಡೆದರು. ಎರಡು ವರ್ಷದ ನಂತರ ಪ್ಯಾರಿಸ್‌ನಲ್ಲಿ ಐದನೇ ಒಲಿಂಪಿಕ್ಸ್, ಅಲ್ಲೂ ಕಂಚು.

ಇನ್ನು ನಮ್ಮೂರಿಗೆ ಬನ್ನಿ. ಮಹಿಳಾ ಏಷ್ಯಾ ಕಪ್ 2017ರಲ್ಲಿ ಬೆಂಗಳೂರಿನಲ್ಲಿ ನಡೆಯಿತು, 2019ರಲ್ಲೂ ನಡೆಯಿತು. ಎಷ್ಟು ಬೆಂಗಳೂರಿಗರಿಗೆ ಗೊತ್ತು? ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮೊದಲ ಬಾರಿಗೆ ಏಷ್ಯಾ ಕಪ್‌ನಲ್ಲಿ ಆಡಿದ್ದು ಕಂಠೀರವ ಒಳಾಂಗಣ ಕ್ರೀಡಾಂಗಣದ ಆ 2017ರ ಟೂರ್ನಿಯಲ್ಲಿ. ಫೈನಲ್‌ನಲ್ಲಿ ಜಪಾನ್ ಆಸ್ಟ್ರೇಲಿಯಾವನ್ನು 74–73ರಿಂದ, ಒಂದೇ ಪಾಯಿಂಟಿನಿಂದ ಸೋಲಿಸಿತು. ಭಾರತ ಆಗ ಬಿ ಡಿವಿಷನ್‌ನಲ್ಲಿತ್ತು. ಅದರ ಫೈನಲ್‌ನಲ್ಲಿ ಕಜಕಸ್ತಾನವನ್ನು 75–73ರಿಂದ ಮಣಿಸಿ ಎ ಡಿವಿಷನ್‌ಗೆ ಬಡ್ತಿ ಗಿಟ್ಟಿಸಿತು. ಇಂಥ ಪಂದ್ಯ ಕ್ರಿಕೆಟ್‌ನಲ್ಲಾಗಿದ್ದರೆ ಇವತ್ತಿಗೂ ಟಿವಿಯಲ್ಲಿ ಮರುಪ್ರಸಾರ ನಡೆಯುತ್ತಿತ್ತು. ಎರಡು ವರ್ಷದ ಮೇಲೆ ಅದೇ ಬೆಂಗಳೂರಿನಲ್ಲಿ ಘಟಾನುಘಟಿಗಳ ನಡುವೆ ಭಾರತಕ್ಕೆ ಸಿಕ್ಕಿದ್ದು ಎಂಟನೇ ಸ್ಥಾನ. ಮೆಟ್ಟಿಲು ಎಷ್ಟು ಎತ್ತರ ಎಂದು ಆಗ ಗೊತ್ತಾಯಿತು.

2017ರ ಆ ತಂಡದಲ್ಲಿದ್ದ ಚೆನ್ನೈನ ಅನಿತಾ ಪಾಲ್‌ದುರೈ ಭಾರತಕ್ಕೆ ಆಡಿದ್ದು ಹದಿನೆಂಟು ವರ್ಷ, 2021ರಲ್ಲಿ ಪದ್ಮಶ್ರೀ. ಕೇರಳದ ಗೀತು ಅನ್ನಾ ಜೋಸ್ ಆಸ್ಟ್ರೇಲಿಯಾದ ಕ್ಲಬ್ಬಿಗೆ ಆಡಿದರು. 2011ರಲ್ಲಿ ಅಮೆರಿಕದ ಮಹಿಳಾ ವೃತ್ತಿಪರ ಲೀಗ್ ಡಬ್ಲ್ಯುಎನ್‌ಬಿಎ ತಂಡಗಳ ಆಯ್ಕೆ ಪರೀಕ್ಷೆಗೂ ಹೋಗಿ ಬಂದರು. ಬೆಂಗಳೂರಿನ ಸಂಜನಾ ರಮೇಶ್ ವಿದ್ಯಾರ್ಥಿವೇತನದ ಮೇಲೆ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದ ತಂಡ ಸೇರಿದರು.

ಒಂದೇ ಮನೆಯಿಂದ ನಾಲ್ವರು ರಾಷ್ಟ್ರೀಯ ತಂಡಕ್ಕೆ? ವಾರಾಣಸಿಯ ಸಿಂಗ್ ಸಹೋದರಿಯರು. ದಿವ್ಯಾ, ಪ್ರಶಾಂತಿ, ಆಕಾಂಕ್ಷಾ, ಪ್ರತಿಮಾ ನಾಲ್ವರೂ ಭಾರತಕ್ಕೆ ಆಡಿದರು. ಇನ್ನೊಬ್ಬ ಸಹೋದರಿ ಪ್ರಿಯಾಂಕಾ ಕೋಚ್ ಆದರು. ಪ್ರಶಾಂತಿಗೆ 2019ರಲ್ಲಿ ಪದ್ಮಶ್ರೀ ಸಂದಿತು. ಪ್ರತಿಮಾ ಅವರ ಪತಿ ವೇಗದ ಬೌಲರ್ ಇಶಾಂತ್ ಶರ್ಮಾ. ಹೆಚ್ಚಿನವರಿಗೆ ಗೊತ್ತಿರುವುದು ಈ ಕೊನೆಯ ಸಂಗತಿ ಮಾತ್ರ!

ಹನ್ನೆರಡು ಹೆಚ್ಚಾಯಿತು ಅನ್ನುವವರಿಗೆ 3x3 ಇದೆ: ಅರ್ಧ ಕೋರ್ಟು, ಒಂದೇ ಬುಟ್ಟಿ, ತಂಡಕ್ಕೆ ನಾಲ್ಕೇ ಜನ. ಟೋಕಿಯೊಗೆ ಹೊರಡುವ ಮೊದಲು ಅಮೆರಿಕದ ಕೇಟಿ ಲೂ ಸ್ಯಾಮ್ಯುಯೆಲ್ಸನ್‌ಗೆ ಕೋವಿಡ್ ತಗಲಿತು. ಬದಲಿಗೆ ಬಂದ ಜಾಕಿ ಯಂಗ್ ಚಿನ್ನದ ಪದಕ ಕೊರಳಿಗೆ ಹಾಕಿಕೊಂಡು ಮನೆಗೆ ಮರಳಿದರು. ಪ್ಯಾರಿಸ್‌ನಲ್ಲಿ 3x3 ಚಿನ್ನ ಜರ್ಮನಿಯ ನಾಲ್ವರ ಪಾಲಾಯಿತು. ಫೈನಲ್‌ನಲ್ಲಿ ಸ್ಪೇನ್ ವಿರುದ್ಧ 17–16. ಅದೇ ಪ್ಯಾರಿಸ್‌ನಲ್ಲಿ ಜರ್ಮನಿಯ ಹನ್ನೆರಡರ ತಂಡ ಒಲಿಂಪಿಕ್ಸ್‌ಗೆ ಪದಾರ್ಪಣೆ ಮಾಡಿತ್ತು, ಸಬಾಲಿ ಅಕ್ಕತಂಗಿ ಸಾಟು ಮತ್ತು ನ್ಯಾರಾ ಸೇರಿ. 2026ರ ಸೆಪ್ಟೆಂಬರಿನ ವಿಶ್ವಕಪ್‌ಗೆ ಗೊತ್ತುಮಾಡಿದ ಊರು ಜರ್ಮನಿಯ ಬರ್ಲಿನ್. ಸಿಡ್ನಿಯಲ್ಲಿ 12 ತಂಡಗಳಿದ್ದವು, ಬರ್ಲಿನ್‌ಗೆ 16. ಪಟ್ಟಿಯಲ್ಲಿ ಒಟ್ಟು 192 ಹೆಸರು.