ಹಳೇ ಸುಣ್ಣ, ರಾಯಚೂರಿನ ಹೊಗೆ

ಮಾಸ್ತಿಕಟ್ಟೆ ಕಡೆ ಅಡಿಕೆ ತೋಟ ಇಟ್ಟುಕೊಂಡವರಿಗೆ ಸುಣ್ಣದ ಗುಣ ಯಾರೂ ಹೇಳಿಕೊಡಬೇಕಾಗಿಲ್ಲ. ಮಳೆ ಹಿಡಿಯುವ ಹೊತ್ತಿಗೆ ಕೊಳೆ ಔಷಧಿ ಹೊಡೆಯಲೇಬೇಕು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಇದು ಬೋರ್ಡೋ ದ್ರಾವಣದ ಲೆಕ್ಕ. ಲೆಕ್ಕ ಸರಿಯಿದ್ದರೂ ಒಂದೊಂದು ಸಲ ದ್ರಾವಣ ಕೈಕೊಡುತ್ತದೆ. ಕತ್ತಿಯ ಅಲಗು ಅದ್ದಿ ತೆಗೆದರೆ ಕೆಂಪಗೆ ತಾಮ್ರ ಕೂತಿರುತ್ತದೆ. ಆಗ ಯಾರೂ ಮೈಲುತುತ್ತವನ್ನು ಬೈಯುವುದಿಲ್ಲ, ಸುಣ್ಣದ ಚೀಲ ನೋಡುತ್ತಾರೆ. ಕಳೆದ ವರ್ಷದ್ದು, ಬಾಯಿ ಸರಿಯಾಗಿ ಕಟ್ಟದೆ ಅಟ್ಟದ ಮೇಲೆ ಬಿದ್ದಿದ್ದದ್ದು. ನೋಡಲು ಹೊಸದರಷ್ಟೇ ಬೆಳ್ಳಗಿದೆ, ತೂಕ ಹಾಕಿದರೆ ಸ್ವಲ್ಪ ಹೆಚ್ಚೇ ಬಂದೀತು. ಸತ್ವ ಮಾತ್ರ ಇಲ್ಲ.

ಆ ಹೆಚ್ಚಿನ ತೂಕವೇ ಈ ಲೇಖನದ ವಿಷಯ. ಚೀಲದ ಬಾಯಿಂದ ಒಳಹೊಕ್ಕ ಗಾಳಿಯಲ್ಲಿದ್ದ ಇಂಗಾಲದ ಡೈಆಕ್ಸೈಡನ್ನು ಸುಣ್ಣ ವರ್ಷವಿಡೀ ಕುಡಿದಿದೆ. ಕುಡಿದು, ಗೂಡಿಗೆ ಹೋಗುವ ಮೊದಲು ತಾನು ಏನಾಗಿತ್ತೋ ಅದಕ್ಕೇ, ಸುಣ್ಣಕಲ್ಲಿಗೇ, ಮರಳಿದೆ. ಗೋಡೆಗೆ ಬಳಿದ ಸುಣ್ಣ ಗಟ್ಟಿಯಾಗುವುದೂ ಹೀಗೇ. ಗಾಳಿಯಲ್ಲಿ ತೇಲುತ್ತಿದ್ದ ಅನಿಲ ಕಲ್ಲಾಗಿ ಕೂತುಬಿಟ್ಟಿತು, ಇನ್ನು ಮೇಲೇಳುವುದಿಲ್ಲ. ಸರ್ಕಾರಗಳು, ಎಣ್ಣೆ ಕಂಪನಿಗಳು, ಸಿಮೆಂಟ್ ಕಂಪನಿಗಳು ಈಗ ಸಾವಿರಾರು ಕೋಟಿ ಸುರಿದು ಮಾಡಹೊರಟಿರುವುದು ಇಂಥದನ್ನೇ: ಚಿಮಣಿಯಲ್ಲಿ ಹೋಗುವ ಇಂಗಾಲವನ್ನು ಹಿಡಿಯುವುದು, ನೆಲದೊಳಗೆ ಇಡುವುದು. ಸಿಸಿಎಸ್ ಎಂದು ಪತ್ರಿಕೆಗಳಲ್ಲಿ ಬರುವುದು ಇದರ ಹೆಸರೇ.

ಹಾಗಾದರೆ ಚಿಮಣಿಗೆ ಸುಣ್ಣದ ನೀರು ಚಿಮುಕಿಸಿದರಾಯಿತಲ್ಲ ಎಂದರೆ, ಆಗುವುದಿಲ್ಲ. ಕಲ್ಲನ್ನೋ ಚಿಪ್ಪನ್ನೋ ಗೂಡಿನಲ್ಲಿ ಸುಟ್ಟು ಸುಣ್ಣ ಮಾಡುವಾಗ ಅಷ್ಟೇ ಅನಿಲ ಹೊರಗೆ ಹೋಗಿರುತ್ತದೆ, ಸೌದೆಯದ್ದು ಬೇರೆ. ಈ ಕೈಲಿ ಕೊಟ್ಟು ಆ ಕೈಲಿ ಕಿತ್ತುಕೊಂಡ ಹಾಗೆ. ಬೇಕಾದದ್ದು ಹಿಡಿಯಲೂ ಗೊತ್ತಿರುವ, ಬಿಡಲೂ ಗೊತ್ತಿರುವ ಪದಾರ್ಥ. ಅಮೀನ್ ಎಂಬ ದ್ರವ ಆ ಕೆಲಸ ಮಾಡುತ್ತದೆ, ಅಮೋನಿಯದ ನೆಂಟ. ಕಲ್ಲಿದ್ದಲ ಹೊಗೆಯಲ್ಲಿ ಇಂಗಾಲದ ಡೈಆಕ್ಸೈಡ್ ಇರುವುದು ನೂರಕ್ಕೆ 12ರಿಂದ 15 ಪಾಲು, ಉಳಿದದ್ದು ಹೆಚ್ಚಾಗಿ ಬರೀ ಸಾರಜನಕ. ಹೊಗೆಯನ್ನು ತಣಿಸಿ ಎತ್ತರದ ಗೋಪುರದ ಬುಡದಿಂದ ಮೇಲಕ್ಕೆ ಬಿಡುತ್ತಾರೆ. ಮೇಲಿನಿಂದ ಅಮೀನ್ ನೀರು ಜಿನುಗುತ್ತಾ ಇಳಿಯುತ್ತದೆ. ಎದುರುಬದುರಾದಲ್ಲಿ ಅನಿಲ ದ್ರವಕ್ಕೆ ಹತ್ತಿಕೊಳ್ಳುತ್ತದೆ. ಹತ್ತಿಸಿಕೊಂಡ ದ್ರವವನ್ನು ಇನ್ನೊಂದು ಗೋಪುರಕ್ಕೆ ಒಯ್ದು ಸುಮಾರು 120 ಡಿಗ್ರಿಗೆ ಕಾಯಿಸಿದರೆ ಅನಿಲ ಇಳಿದುಬಿಡುತ್ತದೆ, ಖಾಲಿಯಾದ ದ್ರವ ಮತ್ತೆ ಮೊದಲ ಗೋಪುರಕ್ಕೆ. ಕುಂದಾಪುರ ಬಸ್ಸಿನ ಹಾಗೆ ಹತ್ತಿಸು, ಇಳಿಸು, ತಿರುಗಿ ಹೋಗು.

ಇದರಲ್ಲಿ ಹೊಸ ವಿದ್ಯೆ ಏನೂ ಇಲ್ಲ, ಕಷ್ಟ ಇರುವುದು ಆ ಕಾಯಿಸುವುದರಲ್ಲಿ. ಅದಕ್ಕೆ ಬೇಕಾದ ಹಬೆ ಸ್ಥಾವರದ್ದೇ ಆಗಬೇಕು, ಆಮೇಲೆ ಅನಿಲವನ್ನು ಅದುಮಲು ಕಂಪ್ರೆಸರ್‌ಗೂ ಕರೆಂಟು ಬೇಕು. ಎಲ್ಲ ಸೇರಿ ಉತ್ಪಾದನೆಯ ಐದನೇ ಒಂದು ಪಾಲಿನಿಂದ ನಾಲ್ಕನೇ ಒಂದು ಪಾಲು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು, ಹೊಗೆ ಹಿಡಿಯುವುದಕ್ಕೇ ಹೋಗುತ್ತದೆ. ನಮ್ಮೂರಿನ ಅಳತೆಯಲ್ಲಿ ಹೇಳುತ್ತೇನೆ. ರಾಯಚೂರು ಶಾಖೋತ್ಪನ್ನ ಸ್ಥಾವರದ್ದು 1720 ಮೆಗಾವಾಟ್. ಅದರ ಕಾಲುಭಾಗ 430. ಮಾಣಿ ಅಣೆಕಟ್ಟಿನ ನೀರು ಘಟ್ಟದ ಹೊಟ್ಟೆಯೊಳಗೆ ಬಿದ್ದು ಹೊಸಂಗಡಿಯ ವಾರಾಹಿ ಭೂಗರ್ಭ ವಿದ್ಯುದಾಗಾರದಲ್ಲಿ ಹುಟ್ಟಿಸುವ ಕರೆಂಟು, ನಾಲ್ಕೂ ಯಂತ್ರ ತಿರುಗಿದರೆ, 460. ಅಂದರೆ ರಾಯಚೂರಿನ ಹೊಗೆಯನ್ನು ಪೂರ್ತಿ ಹಿಡಿಯುತ್ತೇವೆಂದರೆ ಹೆಚ್ಚುಕಡಿಮೆ ಒಂದು ಇಡೀ ವಾರಾಹಿ ಅದಕ್ಕೇ ಮುಡಿಪು. ಎರಡೂ ಕರ್ನಾಟಕ ವಿದ್ಯುತ್ ನಿಗಮದವೇ ಆದ್ದರಿಂದ ಈ ಕೂಡು-ಕಳೆ ಒಂದೇ ಪುಸ್ತಕದಲ್ಲಿ ಬರೆಯಬಹುದು.

ಇನ್ನೊಂದು ಲೆಕ್ಕ. ಭಾರತದಲ್ಲಿ ಕಲ್ಲಿದ್ದಲ ಸ್ಥಾವರದ ಹೊಗೆಯಿಂದ ಅನಿಲ ಹಿಡಿಯುವ ಘಟಕಗಳಲ್ಲಿ ಹೆಸರು ಕೇಳಿಬರುವುದು ಮಧ್ಯಪ್ರದೇಶದ ವಿಂಧ್ಯಾಚಲದಲ್ಲಿ ಎನ್‌ಟಿಪಿಸಿ 2022ರಲ್ಲಿ ಶುರುಮಾಡಿದ್ದು. ಅದು ದಿನಕ್ಕೆ 20 ಟನ್ ಹಿಡಿಯುತ್ತದೆ. ರಾಯಚೂರಿನ 210 ಮೆಗಾವಾಟಿನ ಒಂದೇ ಯಂತ್ರ ಪೂರ್ಣ ಓಟದಲ್ಲಿದ್ದರೆ ದಿನಕ್ಕೆ ಸುಮಾರು 5000 ಟನ್ ಬಿಡುತ್ತದೆ. ವಿಂಧ್ಯಾಚಲದ ಇಡೀ ದಿನದ ದುಡಿಮೆ ಇಲ್ಲಿನ ಆರು ನಿಮಿಷದ ಹೊಗೆ. ಪ್ರಯೋಗಕ್ಕೂ ಪರಿಹಾರಕ್ಕೂ ನಡುವಿನ ದೂರ ಇಷ್ಟಿದೆ.

ಹಿಡಿದದ್ದನ್ನು ಇಡುವುದೆಲ್ಲಿ? ಈ ಮಾತು ಬಂದಾಗ ನಮ್ಮ ಪಕ್ಕದ ತೋಟದವರು ಕೇಳಿದ್ದು ಒಳ್ಳೆಯ ಪ್ರಶ್ನೆಯೇ: "ಘಟ್ಟದೊಳಗೆ ಅಷ್ಟುದ್ದ ಸುರಂಗ ಕೊರೆದಾರಲ ಮಾರಾಯ್ರೆ, ಅಂಥದ್ದೇ ಇನ್ನೊಂದು ಕೊರೆದು ತುಂಬಿದ್ರೆ ಆಗಲ್ವಾ?" ಆಗುವುದಿಲ್ಲ. ಬೇಕಾದದ್ದು ಪೊಳ್ಳು ಕೋಣೆ ಅಲ್ಲ, ರಂಧ್ರಗಳಿರುವ ಬಂಡೆ. ಸ್ಪಂಜು ನೀರು ಹೀರಿದಂತೆ ಅನಿಲವನ್ನು ಒಳಗೆ ತೆಗೆದುಕೊಳ್ಳಬೇಕು. ಅದರ ಮೇಲೆ ಹನಿಯೂ ಜಿನುಗದ ಇನ್ನೊಂದು ಬಂಡೆಯ ಮುಚ್ಚಳ ಇರಬೇಕು. ಎರಡೂ ಸುಮಾರು 800 ಮೀಟರಿಗಿಂತ ಆಳದಲ್ಲಿರಬೇಕು, ಯಾಕೆಂದರೆ ಅಲ್ಲಿನ ಒತ್ತಡದಲ್ಲಿ ಮಾತ್ರ ಅನಿಲ ದ್ರವದಷ್ಟೇ ದಟ್ಟವಾಗಿ ಅಡಗುತ್ತದೆ. ನೆಲದ ಮೇಲೆ ಐನೂರು ಘನಮೀಟರ್ ಹರಡಿಕೊಳ್ಳುವ ಒಂದು ಟನ್ ಅನಿಲಕ್ಕೆ ಆ ಆಳದಲ್ಲಿ ಒಂದೆರಡು ಘನಮೀಟರ್ ಸಾಕು. ನಮ್ಮ ಮಲೆನಾಡಿನ ಬುಡದಲ್ಲಿರುವುದು ಪುರಾತನ ಗಟ್ಟಿ ಶಿಲೆ, ರಂಧ್ರವೇ ಇಲ್ಲ. ಬಾವಿ ತೋಡಿದವರಿಗೆ ಗೊತ್ತು, ಜಂಬಿಟ್ಟಿಗೆ ಮುಗಿದು ಕಲ್ಲು ಸಿಕ್ಕಿತೆಂದರೆ ಗುದ್ದಲಿ ಹಾಡುತ್ತದೆ.

ಕರ್ನಾಟಕದ ಇನ್ನೊಂದು ತುದಿಯಲ್ಲಿ ಮಾತು ಬೇರೆ. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಕಡೆಯ ಕಪ್ಪು ಎರೆಮಣ್ಣಿನ ಕೆಳಗಿರುವುದು ಬಸಾಲ್ಟ್, ಲಾವಾ ಹರಿದು ಆರಿದ ಕರಿಕಲ್ಲು, ದಖ್ಖನ್ ಟ್ರ್ಯಾಪ್‌ನ ದಕ್ಷಿಣದ ಅಂಚು. ಬಸಾಲ್ಟಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಕಬ್ಬಿಣ ಸಾಕಷ್ಟಿದೆ. ಇಂಗಾಲದ ಡೈಆಕ್ಸೈಡ್ ತಾಗಿದರೆ ಅವು ಅದನ್ನು ಕಲ್ಲು ಮಾಡುತ್ತವೆ. ನಮ್ಮ ಹಳೇ ಸುಣ್ಣದ ಕಥೆಯೇ. ಐಸ್‌ಲೆಂಡಿನಲ್ಲಿ ಕಾರ್ಬ್‌ಫಿಕ್ಸ್ ಎಂಬ ಯೋಜನೆಯವರು 2012ರಲ್ಲಿ ಅನಿಲವನ್ನು ನೀರಿನಲ್ಲಿ ಕರಗಿಸಿ, ಅಂದರೆ ಸೋಡಾ ಮಾಡಿ, ಬಸಾಲ್ಟಿಗೆ ಇಳಿಸಿದರು. ಶತಮಾನಗಳು ಬೇಕೆಂದುಕೊಂಡಿದ್ದ ಕೆಲಸ ಎರಡು ವರ್ಷದೊಳಗೆ ಮುಗಿದಿತ್ತು: ಇಳಿಸಿದ್ದರಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಪಾಲು ಖನಿಜವಾಗಿತ್ತು. 2016ರಲ್ಲಿ ಆ ಫಲಿತಾಂಶ ಪ್ರಕಟವಾದಾಗ ಬಸಾಲ್ಟ್ ಇರುವ ದೇಶಗಳೆಲ್ಲ ಕಿವಿ ನಿಮಿರಿಸಿದವು. ನೀತಿ ಆಯೋಗದ 2022ರ ವರದಿ ದೇಶದ ಬಸಾಲ್ಟಿನಲ್ಲಿ 97ರಿಂದ 316 ಶತಕೋಟಿ ಟನ್‌ವರೆಗೆ ಇಡಬಹುದೆಂದು ಅಂದಾಜಿಸಿದೆ. ಅಂದಾಜಿನ ಎರಡು ತುದಿಗೆ ಮೂರು ಪಟ್ಟು ವ್ಯತ್ಯಾಸ ಇರುವುದನ್ನು ನೋಡಿದರೇ ತಿಳಿಯುತ್ತದೆ, ಇನ್ನೂ ಯಾರೂ ಕೊರೆದು ನೋಡಿ ಹೇಳಿದ ಮಾತಲ್ಲ ಇದು.

ಐಸ್‌ಲೆಂಡಿನ ವಿಧಾನ ಹಾಗೇ ಎತ್ತಿ ತಂದರೆ ವಿಜಯಪುರದಲ್ಲಿ ನಡೆಯುವುದಿಲ್ಲ. ಒಂದು ಟನ್ ಅನಿಲ ಕರಗಿಸಲು ಸುಮಾರು 25 ಟನ್ ನೀರು ಬೇಕು. ಹುಲಿಕಲ್ಲಿನ ಮಳೆ ಕಂಡವರು ಕೊಟ್ಟೇವು ಎನ್ನಬಹುದು, ಕುಡಿಯುವ ನೀರಿಗೆ ಟ್ಯಾಂಕರ್ ಕಾಯುವ ಊರಿನಲ್ಲಿ ಆ ಮಾತು ಆಡಲಿಕ್ಕಿಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದ ವಲುಲಾದಲ್ಲಿ 2013ರಲ್ಲಿ ಇನ್ನೊಂದು ದಾರಿ ಹಿಡಿದರು. ನೀರಿಲ್ಲದೆ, ಬರೀ ಅನಿಲವನ್ನೇ ಒತ್ತಿ, ಸುಮಾರು ಸಾವಿರ ಟನ್ನನ್ನು ಬಸಾಲ್ಟಿಗೆ ಇಳಿಸಿದರು. ಎರಡು ವರ್ಷದ ಮೇಲೆ ಬಂಡೆ ಕೊರೆದು ತೆಗೆದರೆ ಒಳಗೆ ಕಾರ್ಬೊನೇಟ್ ಗಂಟುಗಳು ಕಟ್ಟಿದ್ದವು. ಒಣನೆಲದವರಿಗೆ ಪಾಠ ಸಿಗುವುದು ವಲುಲಾದಿಂದ. ಅಂತಾರಾಷ್ಟ್ರೀಯ ಸಹಕಾರ ಎಂಬ ದೊಡ್ಡ ಶಬ್ದಕ್ಕೆ ಮೊದಲ ಅರ್ಥ ಇದೇ: ಒಬ್ಬರು ಕೊರೆದ ಬಾವಿಯ ಲೆಕ್ಕಪುಸ್ತಕವನ್ನು ಇನ್ನೊಬ್ಬರು ಓದಲು ಬಿಡುವುದು. ಇಲ್ಲದಿದ್ದರೆ ಪ್ರತಿ ದೇಶವೂ ಅದೇ ತಪ್ಪನ್ನು ಅದೇ ಖರ್ಚಿನಲ್ಲಿ ಮಾಡಬೇಕು.

ದಪ್ಪದ ತೊಡಕೂ ಇದೆ. ಟ್ರ್ಯಾಪ್ ದಪ್ಪಗಿರುವುದು ಮಹಾರಾಷ್ಟ್ರದ ಪಶ್ಚಿಮಕ್ಕೆ, ನಮ್ಮ ಕಡೆ ಬರುಬರುತ್ತಾ ದೋಸೆಯ ಅಂಚಿನಂತೆ ತೆಳ್ಳಗಾಗುತ್ತದೆ. ಕೊಯ್ನಾ ಬಳಿ ವಿಜ್ಞಾನಿಗಳು 2017ರಲ್ಲಿ 3000 ಮೀಟರ್ ಕೊರೆದಾಗ ಬಸಾಲ್ಟ್ ಸಾವಿರದ ಇನ್ನೂರು ಮೀಟರಿಗೂ ಹೆಚ್ಚು ಆಳದವರೆಗೆ ಇತ್ತು. ಆದರೆ ಕೊಯ್ನಾ ಎಂದೊಡನೆ 1967ರ ಡಿಸೆಂಬರಿನ ಭೂಕಂಪ ನೆನಪಾಗುತ್ತದೆ. ಅಣೆಕಟ್ಟು ತುಂಬಿದ ನೀರಿನ ಒತ್ತಡ ನೆಲದಾಳದ ಬಿರುಕನ್ನು ಜಾರಿಸಬಲ್ಲದೆಂದು ಜಗತ್ತಿಗೆ ತೋರಿಸಿದ ಊರು ಅದು. ಆಳಕ್ಕೆ ಅನಿಲ ಒತ್ತುವುದೂ ಒತ್ತಡವೇ. ಎಲ್ಲಿ ಬಿರುಕಿದೆ, ಎಷ್ಟು ಒತ್ತಬಹುದು ಎಂದು ಮೊದಲು ಗೊತ್ತಾಗಬೇಕು, ಒತ್ತುವುದು ಆಮೇಲೆ.

ಅಂದಮೇಲೆ ಹೊಗೆ ರಾಯಚೂರು, ಬಳ್ಳಾರಿ, ತೋರಣಗಲ್ಲಿನಲ್ಲಿ. ಇಡುವ ಜಾಗ ನೂರಾರು ಕಿಲೋಮೀಟರ್ ಆಚೆ, ಪ್ರಾಯಶಃ ಬೇರೆ ರಾಜ್ಯದಲ್ಲಿ. ಯಾವ ಕಾರ್ಖಾನೆಯೂ ಒಂಟಿಯಾಗಿ ಅಷ್ಟುದ್ದ ಪೈಪು ಎಳೆಯಲಾರದು. ಇದಕ್ಕೆ ಪರಿಹಾರವನ್ನು 'ಹಬ್' ಎನ್ನುತ್ತಾರೆ, ನಾವು ಅದನ್ನು ಬೇರೆ ಹೆಸರಿನಲ್ಲಿ ನೋಡಿದ್ದೇವೆ. ಚಕ್ರಾ ಜಲಾಶಯದ ನೀರು ಕಾಲುವೆಯಲ್ಲಿ ಸಾವೇಹಕ್ಲಿಗೆ, ಅಲ್ಲಿಂದ ಲಿಂಗನಮಕ್ಕಿಗೆ. ಚಕ್ರಾಕ್ಕೆ ಬೇರೆ, ಸಾವೇಹಕ್ಲಿಗೆ ಬೇರೆ ಎಂದು ದೊಡ್ಡ ವಿದ್ಯುದಾಗಾರ ಕಟ್ಟಲಿಲ್ಲ. ನೀರನ್ನು ಒಂದೆಡೆ ಕೂಡಿಸಿ ಶರಾವತಿಯ ಯಂತ್ರಗಳಿಗೆ ಕೊಟ್ಟರು. ಹೊಗೆಯನ್ನೂ ಹಾಗೆ ಕೂಡಿಸಬೇಕು. ಹಲವು ಚಿಮಣಿ, ಒಂದು ಪೈಪು, ಒಂದು ಬಾವಿ.

ನಾರ್ವೆಯವರು ಇದನ್ನು ದೇಶದ ಗಡಿ ದಾಟಿಸಿದ್ದಾರೆ. 1991ರಲ್ಲಿ ಅವರು ಕಡಲಿನ ಎಣ್ಣೆ-ಅನಿಲ ಗಣಿಗಳ ಇಂಗಾಲಕ್ಕೆ ತೆರಿಗೆ ಹಾಕಿದರು. ತೆರಿಗೆ ಕಟ್ಟುವುದಕ್ಕಿಂತ ಹೂಳುವುದು ಅಗ್ಗವಾಯಿತು. 1996ರಿಂದ ಸ್ಲೈಪ್ನರ್ ಗಣಿಯಲ್ಲಿ ಅನಿಲವನ್ನು ಕಡಲ ತಳದ ಮರಳುಗಲ್ಲಿಗೆ ಇಳಿಸುತ್ತಾ ಬಂದರು. ಆ ಅನುಭವದ ಬೆನ್ನಿಗೆ ಬಂದದ್ದು ನಾರ್ದರ್ನ್ ಲೈಟ್ಸ್: ಹಡಗಿನಲ್ಲಿ ತಂದ ಅನಿಲವನ್ನು ದಡದಲ್ಲಿಳಿಸಿ, ನೂರು ಕಿಲೋಮೀಟರ್ ಪೈಪಿನಲ್ಲಿ ಒಯ್ದು, ಕಡಲ ತಳದಿಂದ 2600 ಮೀಟರ್ ಕೆಳಗಿಡುವ ಸೇವೆ. ಬೇರೆ ದೇಶದ ಕಾರ್ಖಾನೆಯೂ ಬಾಡಿಗೆ ಕೊಟ್ಟು ಕಳಿಸಬಹುದು. 2025ರ ಆಗಸ್ಟಿನಲ್ಲಿ ಅಲ್ಲಿ ಮೊದಲು ಇಳಿದದ್ದು ಬ್ರೆವಿಕ್ ಸಿಮೆಂಟ್ ಕಾರ್ಖಾನೆಯ ಅನಿಲ. ಆ ಕಾರ್ಖಾನೆ ಜರ್ಮನಿಯ ಹೈಡೆಲ್‌ಬರ್ಗ್ ಕಂಪನಿಯದ್ದು. 2006ರಲ್ಲಿ ತುಮಕೂರು ಜಿಲ್ಲೆ ಅಮ್ಮಸಂದ್ರದ ಮೈಸೂರು ಸಿಮೆಂಟ್ಸನ್ನು ಕೊಂಡದ್ದೂ ಅದೇ ಕಂಪನಿ. ವಿದ್ಯೆ ಅಲ್ಲಿಂದ ಇಲ್ಲಿಗೆ ಬರಲು ಕಂಪನಿಯ ಒಳಬಾಗಿಲು ಸಾಕು. ಬಾರದಿರುವುದು ಎಲ್ಲರೂ ಕೂಡಿ ಎಳೆಯುವ ಪೈಪು ಮತ್ತು ಹೂಳಿದ್ದಕ್ಕೆ ಬೆಲೆ ಕಟ್ಟುವ ಕಾನೂನು.

ಸರ್ಕಾರಗಳ ಕೂಟಗಳಿಗೇನೂ ಬರವಿಲ್ಲ. 2003ರಲ್ಲಿ ಇಂಗಾಲ ಸಂಗ್ರಹದ ನಾಯಕತ್ವ ವೇದಿಕೆ ಎಂಬುದು ಹುಟ್ಟಿದಾಗಲೇ ಭಾರತ ಅದರಲ್ಲಿತ್ತು. 2006ರಲ್ಲಿ ಅಮೆರಿಕದ ಫ್ಯೂಚರ್‌ಜೆನ್ ಯೋಜನೆಗೂ ಸೇರಿತು. ಹೊಗೆಯಿಲ್ಲದ ಕಲ್ಲಿದ್ದಲ ಸ್ಥಾವರ ಕಟ್ಟುವ ಆ ಕನಸು ಸ್ಥಾವರ ಏಳದೆಯೇ 2015ರಲ್ಲಿ ಮುಗಿಯಿತು. ಕೂಟದ ಫೋಟೊಗಳಿಗಿಂತ ಬಾಡಿಗೆ ಕರಾರು ಹೆಚ್ಚು ಕೆಲಸ ಮಾಡುತ್ತದೆ ಎಂಬುದು ನನ್ನ ಅನಿಸಿಕೆ. ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ 2022ರಿಂದ ಇಂಗಾಲ ಹಿಡಿದು ಬಳಸುವ ರಾಷ್ಟ್ರೀಯ ಕೇಂದ್ರವಿದೆ. ಅನಿಲದಿಂದ ಮೆಥನಾಲ್ ಮಾಡುವ ಅಲ್ಲಿನ ಕೆಲಸಕ್ಕೆ ಹೊರದೇಶದಲ್ಲೂ ಹೆಸರಿದೆ. ಆದರೆ ಮೆಥನಾಲ್ ಉರಿದರೆ ಅನಿಲ ಮತ್ತೆ ಗಾಳಿಗೇ. ಬಳಸುವುದು ಬೇರೆ, ಹೂಳುವುದು ಬೇರೆ.

ಅವಸರ ತರುವುದು ಬಹುಶಃ ಐರೋಪ್ಯ ಒಕ್ಕೂಟದ ಗಡಿ ಸುಂಕ. 2026ರ ಜನವರಿ 1ರಿಂದ ಅಲ್ಲಿಗೆ ಹೋಗುವ ಉಕ್ಕು, ಸಿಮೆಂಟ್, ಅಲ್ಯೂಮಿನಿಯಂ ಮೊದಲಾದವು ತಮ್ಮ ಹಿಂದಿನ ಹೊಗೆಗೂ ಬೆಲೆ ತೆರಬೇಕು. ಕಲ್ಲಿದ್ದಲಿನಲ್ಲಿ ಕಾಯ್ದ ಕುಲುಮೆಯ ಉಕ್ಕಿಗೆ ಅದು ನೇರ ಹೊಡೆತ. 1991ರಲ್ಲಿ ನಾರ್ವೆಯ ತೆರಿಗೆ ಸ್ಲೈಪ್ನರ್‌ಗೆ ಮಾಡಿದ್ದನ್ನು ಈ ಸುಂಕ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಮಾಡೀತೇ ಎಂಬುದನ್ನು ಲೆಕ್ಕ ಬಲ್ಲವರು ಈಗಲೇ ಕೂತು ನೋಡುತ್ತಿರಬೇಕು.

ಕೊನೆಯದಾಗಿ ಹೊಣೆ. ಹೂಳಿದ್ದು ಕಲ್ಲಾಗುವವರೆಗೆ ಕಾಯುವವರು ಯಾರು? ಐರೋಪ್ಯ ಒಕ್ಕೂಟದ 2009ರ ಕಾನೂನಿನಂತೆ ಬಾವಿ ಮುಚ್ಚಿದ ಮೇಲೂ ಸಾಮಾನ್ಯವಾಗಿ ಕನಿಷ್ಠ 20 ವರ್ಷ ಕಂಪನಿಯೇ ಕಾಯಬೇಕು, ದುಡ್ಡನ್ನೂ ತೆಗೆದಿಡಬೇಕು. ಎಲ್ಲ ತಣ್ಣಗಿದೆ ಎಂದು ಖಾತ್ರಿಯಾದ ಮೇಲೆ ಸರ್ಕಾರದ ಕೈಗೆ. ಸಾಗರ-ಹೊಸನಗರದವರು ಇಂಥ ಕರಾರನ್ನು ಅಕ್ಷರ ಬಿಡದೆ ಓದುತ್ತಾರೆ. 1964ರಲ್ಲಿ ಲಿಂಗನಮಕ್ಕಿ ತುಂಬಿತು, ನಾಡಿಗೆ ಬೆಳಕು ಬಂತು. ಮುಳುಗಡೆಯಾಗಿ ಎದ್ದುಬಂದವರ ಮೊಮ್ಮಕ್ಕಳು ಜಮೀನಿನ ಹಕ್ಕುಪತ್ರಕ್ಕಾಗಿ ಇಂದಿಗೂ ಕಡತ ಹಿಡಿದು ತಾಲ್ಲೂಕು ಕಚೇರಿಗೆ ಅಲೆಯುತ್ತಿದ್ದಾರೆ. ನಾಳೆ ವಿಜಯಪುರದಲ್ಲೋ ಕೊಯ್ನಾದ ಆಚೆಗೋ ಬಾವಿ ಕೊರೆಯಲು ಯಾರಾದರೂ ಬಂದರೆ, ಆ ಊರಿನವರು ಮೊದಲು ಇತ್ತ ಬಂದು ಆ ಕಡತ ಒಂದನ್ನು ಬಿಚ್ಚಿ ನೋಡುವುದು ಒಳ್ಳೆಯದು.